ಬನಿಯನ್ನಿಗೆ ಅಂಟಿದ ಮೂವತ್ತೊಂದು ಹುಳ

ಮಂಗಳವಾರ ಬೆಳಿಗ್ಗೆ ಆರೂ ಮುಕ್ಕಾಲಿಗೆ ಚೌಡಮ್ಮ ಗದ್ದೆಗೆ ಇಳಿದಳು. ನಾಟಿಯಾಗಿ ಹನ್ನೆರಡು ದಿನ. ಸತ್ತ ಸಸಿಗಳ ಜಾಗದಲ್ಲಿ ಬೇರೆ ಸಸಿ ಊರುವ ಕೆಲಸ. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಬದುವಿಗೆ ಆತುಕೊಂಡು ಒಬ್ಬ ಗಂಡಸು ಬಿದ್ದಿರುವುದು ಕಂಡಿತು. ಕುಡುಕನಿರಬೇಕೆಂದು ಬೈಯಲು ಬಾಯಿ ತೆರೆದವಳು ಹಾಗೇ ನಿಂತಳು. ಔಷಧಿಯ ಗಾಟು ಮೂಗಿಗೆ ಬಡಿಯಿತು. ಅವನ ಬಾಯಿಯ ಸುತ್ತ ನೊರೆ. ಕೈಯ ಪಕ್ಕ ಖಾಲಿ ಬಾಟಲಿ. ಎದೆ ಮಾತ್ರ ಸಣ್ಣಗೆ ಏಳುತ್ತಿತ್ತು.

ಗದ್ದೆ ಇದ್ದದ್ದು ಹೊನ್ನಾಳಿಯಿಂದ ಆರು ಕಿಲೋಮೀಟರು ದೂರ. ಏಳೂ ಕಾಲಿಗೆ ಆಂಬುಲೆನ್ಸ್ ಬಂತು. ಜೇಬಿನಲ್ಲಿದ್ದ ಗುರುತಿನ ಚೀಟಿಯಿಂದ ಹೆಸರು ತಿಳಿಯಿತು. ಕೆಂಚೇಶ್, ಮೂವತ್ತೆರಡು ವರ್ಷ, ಬೀಜ ಕಂಪನಿಯೊಂದರ ಸಂಶೋಧನಾ ಕೇಂದ್ರದ ನೌಕರ. ಸ್ವಂತ ಊರು ಜಗಳೂರು ತಾಲ್ಲೂಕಿನದು.

ಅರ್ಪಿತಾಗೆ ಫೋನ್ ಬಂದಾಗ ಏಳೂ ನಲವತ್ತು. ಅವಳು ಕೆಂಚೇಶನ ತಂಗಿ. ಹೊನ್ನಾಳಿ–ನ್ಯಾಮತಿ ರಸ್ತೆಯಲ್ಲಿದ್ದ ಅದೇ ಕೇಂದ್ರದ ಲ್ಯಾಬ್‌ನಲ್ಲಿ ಕೆಲಸಕ್ಕಿದ್ದಳು. ಅಣ್ಣ ಊರೂರು ತಿರುಗಿ ಗದ್ದೆಗಳಿಂದ ಕಂದು ಜಿಗಿಹುಳ ಹಿಡಿದು ತರುತ್ತಿದ್ದ. ಭತ್ತದ ಬುಡದಲ್ಲಿ ಕೂತು ರಸ ಹೀರಿ, ಬೆಂಕಿ ಬಿದ್ದ ಹಾಗೆ ಗದ್ದೆಯನ್ನು ಒಣಗಿಸುವ ಹುಳ ಅದು. ತಂಗಿ ಆ ಹುಳಗಳ ಡಿಎನ್‌ಎ ತೆಗೆದು ಯಾವುದು ಯಾವ ವಂಶದ್ದೆಂದು ಗುರುತಿಸುತ್ತಿದ್ದಳು.

ಆಸ್ಪತ್ರೆಗೆ ಓಡುವಾಗ ಅವಳ ಕಿವಿಯಲ್ಲಿ ಅಣ್ಣ ಹಿಂದಿನ ಸಂಜೆ ಫೋನಿನಲ್ಲಿ ಹೇಳಿದ ಮಾತೇ ಸುತ್ತುತ್ತಿತ್ತು.

"ನಾಳೆ ಬಂಗಾರಪ್ಪ ಸಾಹೇಬ್ರ ಹತ್ರ ಒಂದು ವಿಷಯ ಮಾತಾಡೋದೈತೆ ಕಣೆ. ಅಲ್ಲೀತನಕ ಲ್ಯಾಬ್‌ನಾಗೆ ಯಾರ ಹತ್ರಾನೂ ಬಾಯಿ ಬಿಡಬ್ಯಾಡ."

ಬಂಗಾರಪ್ಪ ಕೇಂದ್ರದ ಮುಖ್ಯಸ್ಥ. ವಿಷಯ ಏನೆಂದು ಅಣ್ಣ ಹೇಳಲಿಲ್ಲ. ಅವಳೂ ಕೇಳಲಿಲ್ಲ.

*

ಒಂಬತ್ತಕ್ಕೆಲ್ಲ ಕೆಂಚೇಶನನ್ನು ದಾವಣಗೆರೆಯ ದೊಡ್ಡ ಆಸ್ಪತ್ರೆಗೆ ಸಾಗಿಸಿದರು. ಕೀಟನಾಶಕ ಹೊಟ್ಟೆಗೆ ಹೋಗಿದೆ, ತಲೆಯ ಹಿಂಭಾಗಕ್ಕೆ ಪೆಟ್ಟು ಬಿದ್ದಿದೆ ಎಂದರು ವೈದ್ಯರು. ಕುಡಿದು ಬೀಳುವಾಗ ಬದುವಿನ ಕಲ್ಲು ತಾಗಿರಬಹುದು. ಐದಾರು ದಿನ ಏನೂ ಹೇಳಲಾಗದು. ಇಂಥ ವಿಷದಲ್ಲಿ ಉಸಿರಾಟ ಮೂರನೆಯ ದಿನವೂ ಕೈಕೊಡಬಹುದು.

ಬಂಗಾರಪ್ಪ ಆಂಬುಲೆನ್ಸಿನ ಹಿಂದೆಯೇ ಬಂದು ಸಂಜೆಯವರೆಗೆ ಆಸ್ಪತ್ರೆಯಲ್ಲೇ ಕೂತರು. ಮಂಡಿನೋವಿನ ಮನುಷ್ಯ, ಬೆಂಚಿನಿಂದ ಏಳಲಿಲ್ಲ. ಕೆಂಚೇಶನ ನೋಟ್‌ಬುಕ್ ಎಲ್ಲಿದೆ ಎಂದು ಎರಡು ಸಲ ಕೇಳಿದರು. ಎರಡನೆಯ ಸಲ ಕೇಳಿದಾಗ ಅರ್ಪಿತಾ ಬೆಂಚಿನಲ್ಲಿ ದೂರ ಸರಿದು ಕೂತಳು.

ಅವ್ವನನ್ನು ಜಗಳೂರಿನ ಊರಿಂದ ಕರೆತರುವ ಹೊಣೆ ಹೊತ್ತವನು ಓಂಕಾರ್. ಕೇಂದ್ರದಲ್ಲಿ ಹುಳ ಸಾಕುವ ವಿಭಾಗ ಅವನದು. ಎಂಟೂ ಕಾಲಿಗೇ ಹೊನ್ನಾಳಿಯಿಂದ ತನ್ನ ಕಾರು ತೆಗೆದುಕೊಂಡು ಹೊರಟಿದ್ದ. ಅಂಥ ಹೊತ್ತಿನಲ್ಲಿ ಯಾರಿಗೂ ಹೇಳಿಸಿಕೊಳ್ಳದೆ ಹೊರಟವನನ್ನು ಕಂಡು ಅರ್ಪಿತಾ ಕೈ ಮುಗಿದಿದ್ದಳು.

ಬುಧವಾರ ಹೊನ್ನಾಳಿಯ ಎಸ್‌ಐ ನೇತ್ರಾವತಿ ಬಂದು ವಿಚಾರಿಸಿದರು. ಮದುವೆಯ ಮಾತುಕತೆ, ಸಾಲ, ಕುಡಿತ, ಎಲ್ಲ ಕೇಳಿ ಬರೆದುಕೊಂಡರು. ಯಾವುದೂ ಹೊಂದಲಿಲ್ಲ. ಆದರೂ ವರದಿಯ ಮೊದಲ ಸಾಲು ಆತ್ಮಹತ್ಯೆ ಯತ್ನ ಎಂದೇ ಇತ್ತು.

ಅವರು ಅತ್ತ ವೈದ್ಯರ ಕೋಣೆಗೆ ಹೋದಾಗ ಅವ್ವ ಹನುಮಂತಮ್ಮ ಸೀರೆಯ ಸೆರಗಿನಡಿಯಿಂದ ನರ್ಸ್ ಕೊಟ್ಟಿದ್ದ ಪ್ಲಾಸ್ಟಿಕ್ ಚೀಲವೊಂದನ್ನು ತೆಗೆದಳು.

"ಹೊಸಾ ಅಂಗಿ ಕಣವ್ವ. ಕತ್ತರಿಯಾಗೆ ಕೊಯ್ದು ಹಾಕ್ಯಾರೆ. ಹೊಲಿಯಾಕೆ ಬರ್ತೈತಾ ನೋಡು."

"ತೊಳೆದಿಲ್ಲ ತಾನೆ?"

"ಎಲ್ಲಿ ತೊಳೀಲಿ. ನಿಮ್ಮಣ್ಣನ ಕಾಲು ಬಿಟ್ಟು ಎದ್ದಿಲ್ಲ ನಾನು."

ಅಂಗಿಯೊಳಗೆ ಬನಿಯನ್ ಸುತ್ತಿಕೊಂಡಿತ್ತು. ಬೆನ್ನಿನ ಭಾಗದಲ್ಲಿ ಔಷಧಿ ಒಣಗಿ ಗಟ್ಟಿಯಾಗಿತ್ತು. ಆ ಕಲೆಯಲ್ಲಿ ಜೀರಿಗೆ ಕಾಳಿನಂಥ ಕಂದು ಚುಕ್ಕೆಗಳು. ಅರ್ಪಿತಾ ಎಣಿಸಿದಳು. ಮೂವತ್ತೊಂದು.

ವರ್ಷಗಟ್ಟಲೆ ನೋಡಿದ ಹುಳ ಅದು. ಗುರುತು ಹಿಡಿಯಲು ಕ್ಷಣ ಸಾಕಾಯಿತು. ಚೀಲ ಎತ್ತಿಕೊಂಡು ವೈದ್ಯರ ಕೋಣೆಯತ್ತ ನಡೆದಳು.

*

"ಹೇನಾ ಇವು?" ಎಂದರು ನೇತ್ರಾವತಿ.

"ಜಿಗಿಹುಳ ಮೇಡಂ. ಭತ್ತದ್ದು."

"ಭತ್ತದ ಗದ್ದೇಲಿ ಬಿದ್ದಿದ್ದೋನ ಮೈಮೇಲೆ ಭತ್ತದ ಹುಳ. ಅದರಲ್ಲೇನ್ರಿ ವಿಶೇಷ?"

ಅರ್ಪಿತಾ ನಿಧಾನವಾಗಿ ಹೇಳಿದಳು. ಜಿಗಿಹುಳ ಸೇರುವುದು ಪೈರು ದಟ್ಟವಾಗಿ ಬೆಳೆದ ಮೇಲೆ, ಬುಡದಲ್ಲಿ ನೆರಳು ಆದ ಮೇಲೆ. ಹನ್ನೆರಡು ದಿನದ ನಾಟಿಯಲ್ಲಿ ಗೇಣುದ್ದದ ಸಸಿ, ಸುತ್ತ ಬರೀ ನೀರು. ಅಲ್ಲಿ ಇಡೀ ದಿನ ಹುಡುಕಿದರೂ ಮೂವತ್ತೊಂದು ಸಿಗುವುದಿಲ್ಲ. ಇವು ಔಷಧಿ ಚೆಲ್ಲಿದಾಗ ಅದರಲ್ಲೇ ಸಿಕ್ಕಿ ಸತ್ತ ಹುಳ. ಅಂದರೆ ಅಣ್ಣನ ಮೇಲೆ ಔಷಧಿ ಬಿದ್ದದ್ದು ಬೇರೆ ಎಲ್ಲೋ.

ನೇತ್ರಾವತಿ ಪೆನ್ನಿನ ಮುಚ್ಚಳ ಹಾಕಿದರು. ಆತ್ಮಹತ್ಯೆ ಎಂಬ ಪದ ಆ ದಿನದಿಂದ ಅವರ ಬಾಯಲ್ಲಿ ಬರಲಿಲ್ಲ.

ಬಟ್ಟೆಯನ್ನು ಹದಿನಾರು ಹುಳಗಳ ಸಮೇತ ಮೊಹರು ಮಾಡಿ ಪೊಲೀಸ್ ಪ್ರಯೋಗಾಲಯಕ್ಕೆ ಕಳಿಸಿದರು. ಉತ್ತರ ಬರಲು ತಿಂಗಳಾದರೂ ಬೇಕು. ಉಳಿದ ಹದಿನೈದನ್ನು ಅರ್ಪಿತಾಗೆ ಕೊಟ್ಟರು.

"ನಿಮ್ಮ ಪರೀಕ್ಷೆ ಕೋರ್ಟಿಗಲ್ಲ. ನನಗೆ ದಾರಿ ತೋರ್ಸೋಕೆ. ಯಾರಿಗೂ ಹೇಳ್ಬೇಡಿ. ನಿಮ್ಮಣ್ಣನಿಗೆ ಹಿಂಗೆ ಮಾಡಿದೋರಿಗೆ ಅವನು ಬದುಕಿರೋದು ಗೊತ್ತು. ಎಚ್ಚರ ಆದ್ರೆ ಮಾತಾಡ್ತಾನೆ ಅನ್ನೋದೂ ಗೊತ್ತು."



*

ಪೊಲೀಸರಿಗೆ ಸಿಕ್ಕ ಮೊದಲ ಎಳೆ ಬಾಟಲಿಯದು. ಅದರ ಮೇಲಿನ ಚೀಟಿ ನ್ಯಾಮತಿಯ ನಿಂಗರಾಜನ ಅಂಗಡಿಯದು. ನಿಂಗರಾಜ್ ಔಷಧಿ ವ್ಯಾಪಾರಿ. ಹದಿನೈದು ದಿನದ ಹಿಂದೆ ಅದೇ ಅಂಗಡಿಯ ಮುಂದೆ ಕೆಂಚೇಶನಿಗೂ ಅವನಿಗೂ ಜಗಳವಾಗಿತ್ತು. ಸಿಕ್ಕಸಿಕ್ಕ ಔಷಧಿ ಹೊಡೆದರೆ ಜಿಗಿಹುಳ ತಿನ್ನುವ ಜೇಡಗಳು ಸತ್ತು ಹುಳ ಇನ್ನಷ್ಟು ಹೆಚ್ಚುತ್ತದೆ ಎಂದು ಕೆಂಚೇಶ್ ರೈತರಿಗೆ ಹೇಳುತ್ತಿದ್ದ. ವ್ಯಾಪಾರ ಕೆಟ್ಟ ನಿಂಗರಾಜ್ ಹತ್ತು ಜನರೆದುರು, "ನಿನ್ನ ಬಾಯಿಗೇ ಒಂದು ಬಾಟ್ಲಿ ಹುಯ್ತೀನಿ ನೋಡು" ಅಂದಿದ್ದನಂತೆ.

ಗುರುವಾರ ಅವನನ್ನು ಠಾಣೆಗೆ ಕರೆಸಿದರು. ಬೆವರುತ್ತ ಕೂತ. ಆ ಔಷಧಿ ತಿಂಗಳಿಗೆ ನೂರಾರು ಜನ ಒಯ್ಯುತ್ತಾರೆ, ಸಂಶೋಧನಾ ಕೇಂದ್ರದವರೂ ತನ್ನ ಗಿರಾಕಿಗಳೇ ಎಂದ. ಸೋಮವಾರ ಸಂಜೆ ಸೂರಗೊಂಡನಕೊಪ್ಪಕ್ಕೆ ಹೋಗಿದ್ದೆ ಎಂದ. ಜತೆಗಿದ್ದವರ ಹೆಸರು ಕೇಳಿದಾಗ ತಡವರಿಸಿದ.

ಅದೇ ಗುರುವಾರ ಅರ್ಪಿತಾ ಲ್ಯಾಬ್‌ನ ಬಾಗಿಲು ಒಳಗಿಂದ ಹಾಕಿಕೊಂಡು ಹದಿನೈದು ಹುಳಗಳ ಡಿಎನ್‌ಎ ತೆಗೆದಳು.

ಅವಳ ಕೆಲಸದ ತಿರುಳು ಇಷ್ಟು. ಹುಳದ ಡಿಎನ್‌ಎಯಲ್ಲಿ ಕೆಲವು ಜಾಗಗಳಲ್ಲಿ ಒಂದೇ ತುಣುಕು ಮತ್ತೆ ಮತ್ತೆ ಬರುತ್ತದೆ. ಎಷ್ಟು ಸಲ ಬರುತ್ತದೆಂಬುದು ವಂಶದಿಂದ ವಂಶಕ್ಕೆ ಬೇರೆ. ಅವೇ ಗುರುತುಗಳು. ಪರೀಕ್ಷೆಯ ಕೊನೆಯಲ್ಲಿ ಏಣಿಯ ಮೆಟ್ಟಿಲಿನಂಥ ಗೆರೆಗಳಾಗಿ ಕಾಣುತ್ತವೆ. ಹೊಲದ ಹುಳಗಳಲ್ಲಿ ಒಂದರ ಗೆರೆ ಇನ್ನೊಂದರಂತೆ ಇರುವುದಿಲ್ಲ. ಜಿಗಿಹುಳ ಗಾಳಿಯಲ್ಲಿ ನೂರಾರು ಮೈಲಿ ಬಂದು ಬೆರೆಯುವ ಜೀವ. ಹಾಗಾಗಿ ಇದು ಇಂಥ ಊರಿನದೇ ಎಂದು ಗುರುತು ನೋಡಿ ಆಣೆ ಮಾಡಲು ಬರುವುದಿಲ್ಲ. ಅಣ್ಣ ತಂದ ಚನ್ನಗಿರಿ, ಹೊನ್ನಾಳಿ, ನ್ಯಾಮತಿಯ ಹುಳಗಳೆಲ್ಲ ಹೀಗೇ ಕಲಸಿಹೋಗಿದ್ದವು.

ಆದರೆ ಬನಿಯನ್ನಿನ ಹದಿನೈದೂ ಒಂದೇ ಥರ ಇದ್ದವು. ಹತ್ತು ಗುರುತುಗಳಲ್ಲಿ ಒಂಬತ್ತರಲ್ಲಿ ಗೆರೆಗಳು ಅಚ್ಚು ಒತ್ತಿದ ಹಾಗೆ ಒಂದೇ ಸಾಲಿನಲ್ಲಿ.

ಹೊರಗಿನ ಒಂದು ಹುಳವೂ ಸೇರದಂತೆ ಮುಚ್ಚಿಟ್ಟು, ಮೂರು ವರ್ಷ ತಮ್ಮತಮ್ಮಲ್ಲೇ ಬೆಳೆಸಿದ ಹುಳಗಳು ಮಾತ್ರ ಹಾಗಿರಲು ಸಾಧ್ಯ. ಅಂಥ ಜಾಗ ಅವಳು ಕೂತಲ್ಲಿಂದ ಐವತ್ತು ಹೆಜ್ಜೆ ದೂರದಲ್ಲಿತ್ತು. ಕೆಲಸದವರು ಅದನ್ನು ಹುಳದ ಮನೆ ಅನ್ನುತ್ತಿದ್ದರು. ಸಣ್ಣ ಕಣ್ಣಿನ ಪರದೆಯ ಕೋಣೆ, ಒಳಗೆ ಪಂಜರಗಳು. ಹೊಸ ಭತ್ತದ ತಳಿ ಜಿಗಿಹುಳ ತಡೆಯುತ್ತದೋ ಇಲ್ಲವೋ ಎಂದು ಪರೀಕ್ಷಿಸಲು ಆ ಹುಳ. ಬೀಗದ ಕೈ ಇದ್ದದ್ದು ಇಬ್ಬರಲ್ಲಿ: ಬಂಗಾರಪ್ಪ, ಓಂಕಾರ್. ಗದ್ದೆ ತಿರುಗುವವರು ಬಟ್ಟೆಯಲ್ಲಿ ಹೊರಗಿನ ಹುಳ ತಂದಾರೆಂದು ಕೆಂಚೇಶನಿಗೆ ಅಲ್ಲಿ ಪ್ರವೇಶವೇ ಇರಲಿಲ್ಲ.

ಬಾಗಿಲು ಬಡಿದ ಸದ್ದಾಯಿತು. ಅರ್ಪಿತಾ ಗೆರೆಗಳ ಚಿತ್ರವನ್ನು ಪುಸ್ತಕದಡಿ ತಳ್ಳಿದಳು.

ಓಂಕಾರ್ ಚಹಾ ಹಿಡಿದು ನಿಂತಿದ್ದ. "ಇಂಥ ಹೊತ್ತಲ್ಲೂ ಕೆಲಸಾನಾ ಅರ್ಪಿತಾ? ಹೋಗಿ ಮಲಗಿ. ಆಸ್ಪತ್ರೆ ಕಡೆ ನಾನು ನೋಡ್ಕೊತೀನಿ."

*

ವಿಷಯ ಕೇಳಿ ನೇತ್ರಾವತಿ ಒಂದೇ ಮಾತು ಹೇಳಿದರು. ಹಳೆಯ ದಾಖಲೆಗೆ ಹೋಲಿಸಿದರೆ ಸಾಲದು. ಇವತ್ತು ಪಂಜರದಲ್ಲಿರುವ ಹುಳ ತಂದು ಹೋಲಿಸಿ ತೋರಿಸಿ.

ತಿಂಗಳಿಗೊಮ್ಮೆ ಹುಳದ ಮನೆಯಿಂದ ಮಾದರಿ ತೆಗೆದುಕೊಳ್ಳುವುದು ಲ್ಯಾಬ್‌ನ ರೂಢಿ. ಅರ್ಪಿತಾ ಕೇಳಿದ ತಕ್ಷಣ ಓಂಕಾರ್ ಇಪ್ಪತ್ತು ಹುಳಗಳ ನಳಿಕೆ ತಂದುಕೊಟ್ಟ. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಫಲಿತಾಂಶ ಬಂತು. ಪಂಜರದ ಹುಳಗಳ ಗೆರೆ ಬನಿಯನ್ನಿನ ಹುಳಗಳ ಗೆರೆಗೆ ಹೊಂದಲಿಲ್ಲ. ಒಂದೂ ಹೊಂದಲಿಲ್ಲ.

"ಅಲ್ಲಿಗೆ ಮುಗೀತು," ಎಂದರು ಫೋನಿನಲ್ಲಿ ನೇತ್ರಾವತಿ. ದನಿಯಲ್ಲಿ ಬೇಸರವಿತ್ತು. "ಹುಳದ ಮನೆ ಅಲ್ಲ. ನಿಂಗರಾಜ ಸೋಮವಾರದ ಬಗ್ಗೆ ಹೇಳಿದ್ದು ಸುಳ್ಳು. ನಾನು ಆ ಕಡೆ ನೋಡ್ತೀನಿ."

ಅರ್ಪಿತಾ ಕುರ್ಚಿ ಎಳೆದು ಕೂತಳು. ತಪ್ಪು ಎಲ್ಲಿ? ನಳಿಕೆ ಅದಲು ಬದಲಾಯಿತೇ? ಅವಳು ಹಳೆಯ ಕಡತ ತೆರೆದಳು. ಹೋದ ವರ್ಷದ ಕೊನೆಗೆ ಪರೀಕ್ಷಿಸಿದ ಹುಳದ ಮನೆಯ ಗೆರೆಗಳ ಚಿತ್ರ ಅಲ್ಲಿತ್ತು. ಅವಳ ಕೈಯಾರೆ ತೆಗೆದಿಟ್ಟದ್ದು. ಅದನ್ನು ಪಕ್ಕದಲ್ಲಿಟ್ಟಳು. ಬನಿಯನ್ನಿನದಕ್ಕೆ ಸರಿಯಾಗಿ ಕೂತಿತು. ಮತ್ತೆ ಇವತ್ತಿನ ಪಂಜರದ ಚಿತ್ರ ನೋಡಿದಳು. ಇಪ್ಪತ್ತು ಹುಳ, ಇಪ್ಪತ್ತು ಥರದ ಗೆರೆ.

ಅದು ಸಾಕಿದ ಹುಳ ಅಲ್ಲ. ಹೊಲದ ಹುಳ.

ಮುಚ್ಚಿದ ಕೋಣೆಯಲ್ಲಿ ಕೀಟನಾಶಕ ಚೆಲ್ಲಿದರೆ ಮೊದಲು ಸಾಯುವುದು ಪಂಜರದ ಹುಳವೇ. ಎಲ್ಲ ಸತ್ತಿವೆ. ಶನಿವಾರ ಕಂಪನಿಯ ದೊಡ್ಡವರು ಹೊಸ ತಳಿ ನೋಡಲು ಬರುವವರಿದ್ದರು. ಖಾಲಿ ಪಂಜರ ತೋರಿಸುವಂತಿರಲಿಲ್ಲ. ಯಾರೋ ನೆಲ ತೊಳೆದು, ಪಂಜರ ಬದಲಿಸಿ, ಗದ್ದೆಯಿಂದ ಹುಳ ತಂದು ತುಂಬಿದ್ದಾರೆ. ಕಣ್ಣಿಗೆ ಎರಡೂ ಒಂದೇ. ಅಣ್ಣ ಬಿದ್ದ ಮೇಲೆ, ಒಂದೆರಡು ದಿನದೊಳಗೆ ಆದ ಕೆಲಸ.

ಬಂಗಾರಪ್ಪ ಮಂಗಳವಾರ ಇಡೀ ದಿನ ಅವಳ ಕಣ್ಣೆದುರೇ ಆಸ್ಪತ್ರೆಯ ಬೆಂಚಿನಲ್ಲಿದ್ದರು. ಆ ಮಂಡಿಯಲ್ಲಿ ಅವರು ಕೆಸರಿಗೆ ಇಳಿಯುವುದೂ ಇಲ್ಲ.

ಅವಳು ಅವ್ವನಿಗೆ ಫೋನ್ ಮಾಡಿದಳು. ನಾಲ್ಕು ಹೊಡೆದು ಹತ್ತು ನಿಮಿಷ.

"ಅವ್ವ, ಮಂಗಳವಾರ ಓಂಕಾರ್ ಸರ್ ನಮ್ಮ ಮನೆಗೆ ಎಷ್ಟೊತ್ತಿಗೆ ಬಂದ್ರು?"

"ಎರಡು ಗಂಟೆ ಆಗಿತ್ತೇನೋ. ಯಾಕವ್ವ?"

ಎಂಟೂ ಕಾಲಿಗೆ ಹೊರಟವನು. ಎರಡೂವರೆ ಗಂಟೆಯ ಹಾದಿ.

"ಬಂದಾಗ ಹೆಂಗಿದ್ರು?"

"ಪ್ಯಾಂಟು ಮೊಣಕಾಲ ತನಕ ಕೆಸರು. ನಮ್ಮ ಜಗಳೂರು ಸೀಮೆಯಾಗೆ ಕೆಸರು ಎಲ್ಲೈತೆ, ಎಲ್ಲಿ ತುಳಿದು ಬಂದ್ರಿ ಅಂತ ಕೇಳ್ದೆ. ನಕ್ಕರು. ಹಿಂದಿನ ಸೀಟಿನಾಗೆ ಬಟ್ಟೆ ಕಟ್ಟಿದ ಡಬ್ಬಿ ಇಟ್ಟಿದ್ರು, ಒಳಗೆ ಭತ್ತದ ಪೈರು. ನನಗೆ ಮುಂದಿನ ಸೀಟಿನಾಗೆ ಕುಂದ್ರಾಕೆ ಹೇಳಿದ್ರು."

"ನೀನು ಈಗ ಎಲ್ಲಿದ್ದೀಯ?"

"ಕೆಳಗೆ. ಎಳನೀರು ತರಾಕೆ ಬಂದೆ. ಒಬ್ಬರನ್ನೇ ಒಳಗೆ ಬಿಡ್ತಾರಲ್ಲ. ಅವರೇ ಬಂದು, ನೀವು ಉಂಡು ಬರ್ರಿ, ನಾನು ಕುಂತಿರ್ತೀನಿ ಅಂದ್ರು."

"ಯಾರು?"

"ಓಂಕಾರ್ ಸರ್."

*

ಅರ್ಪಿತಾಳನ್ನು ಹತ್ತಿಸಿಕೊಂಡು ಪೊಲೀಸ್ ಜೀಪು ಹೊನ್ನಾಳಿ ಬಿಟ್ಟಾಗ ನಾಲ್ಕೂ ಇಪ್ಪತ್ತು. ದಾವಣಗೆರೆಗೆ ನಲವತ್ತು ಕಿಲೋಮೀಟರು. ನೇತ್ರಾವತಿ ಆಸ್ಪತ್ರೆಯ ಹೊರಠಾಣೆಗೆ ಫೋನ್ ಹಚ್ಚಿದರು. ಅಲ್ಲಿದ್ದ ಒಬ್ಬನೇ ಪೇದೆ ಗಾಯಾಳುವೊಬ್ಬನ ಹೇಳಿಕೆ ಬರೆಯಲು ಇನ್ನೊಂದು ಕಟ್ಟಡಕ್ಕೆ ಹೋಗಿದ್ದ. ಹುಡುಕಿ ಕಳಿಸುತ್ತೇವೆ ಎಂದರು.

ಅವ್ವನಿಗೆ ಅರ್ಪಿತಾ ಹೇಳಿದ್ದು ನಾಲ್ಕೇ ಮಾತು. ಮೇಲೆ ಹೋಗು. ಅಣ್ಣನ ಪಕ್ಕ ಕೂರು. ಯಾರೂ ಅವನನ್ನು ಮುಟ್ಟಬಾರದು, ಓಂಕಾರ್ ಸರ್ ಕೂಡ. ಫೋನ್ ಕಟ್ ಮಾಡದೆ ಸೊಂಟಕ್ಕೆ ಸಿಕ್ಕಿಸಿಕೋ. ಅವ್ವ ಯಾಕೆ ಎಂದು ಕೇಳಲಿಲ್ಲ. ಮೆಟ್ಟಿಲು ಹತ್ತುವ ಸದ್ದು ಬಂತು.

ಅರ್ಪಿತಾ ಫೋನನ್ನು ಕಿವಿಗೆ ಒತ್ತಿಕೊಂಡು ಕೂತಳು. ಬಾಗಿಲಲ್ಲಿ ಕಾವಲಿನವನ ಗದರಿಕೆ ಕೇಳಿಸಿತು. ಒಬ್ಬರೇ ಇರಬೇಕಂತೆ. ಹೆತ್ತಾಕಿನ ಯಾವನಪ್ಪ ತಡೆಯೋನು ಎಂದು ಅವ್ವ ದಬಾಯಿಸಿದಳು. ನಂತರ ಸ್ಟೂಲು ಎಳೆದ ಶಬ್ದ. ಓಂಕಾರನ ತಗ್ಗಿದ ದನಿ, ಏನೋ ಸಮಾಧಾನದ ಮಾತು. ನಂತರ ಅವ್ವನ ದನಿ, ತೀರ ಹತ್ತಿರದಿಂದ.

"ಅದನ್ನ ಮುಟ್ಟಬ್ಯಾಡ್ರಿ ಸರ್. ಗ್ಲುಕೋಸು ನರ್ಸಮ್ಮ ಬಂದು ನೋಡ್ತಾಳೆ."

ಜೀಪಿನ ಚಾಲಕ ವೇಗ ಇನ್ನಷ್ಟು ಒತ್ತಿದ.

"ಬರ್ರಿ, ಇಲ್ಲಿ ಕುಂದರ್ರಿ ನನ್ನ ಮಗ್ಗುಲಾಗೆ. ಕೈ ಕೊಡ್ರಿ. ನನ್ನ ಮಗನಿಗೆ ಇಷ್ಟು ಮಾಡೀರಿ. ಯಾಕ್ರಿ ಸರ್, ಕೈ ಇಷ್ಟು ತಣ್ಣಗೈತೆ?"

ಓಂಕಾರ್ ಹೊರಡಬೇಕು ಎಂದ. ಅವ್ವ ಬಿಡಲಿಲ್ಲ. ಜಗಳೂರಿನ ತಂಗಿಯ ಮಗಳ ಮದುವೆಯ ಮಾತೆತ್ತಿದಳು. ಓಂಕಾರನ ತಾಯಿ ಹೇಗಿದ್ದಾರೆ, ಬೆಳಿಗ್ಗೆ ಏನು ತಿಂಡಿ ತಿಂದ, ಎಲ್ಲ ಕೇಳಿದಳು. ಕೇಳಿದ್ದನ್ನೇ ಇನ್ನೊಮ್ಮೆ ಕೇಳಿದಳು. ನಾಲ್ಕೂ ನಲವತ್ತೆಂಟಕ್ಕೆ ಫೋನು ಸತ್ತಿತು.

*

ಅವರು ವಾರ್ಡಿಗೆ ಓಡಿ ತಲುಪಿದಾಗ ಐದು ದಾಟಿ ಐದು ನಿಮಿಷ. ಬಾಗಿಲಲ್ಲಿ ಹೊರಠಾಣೆಯ ಪೇದೆ ನಿಂತಿದ್ದ. ಒಳಗೆ ಕೆಂಚೇಶನ ಆಮ್ಲಜನಕದ ಮುಖವಾಡ ಮಂಜಾಗುತ್ತ, ತಿಳಿಯಾಗುತ್ತ ಇತ್ತು. ಹನುಮಂತಮ್ಮ ಎರಡೂ ಕೈಯಲ್ಲಿ ಓಂಕಾರನ ಬಲ ಮಣಿಕಟ್ಟು ಹಿಡಿದು ಕೂತಿದ್ದಳು. ಆತನ ಬೆರಳುಗಳು ಬಿಳುಚಿದ್ದವು.

ಅವನ ಜೇಬಿನಲ್ಲಿ ಸಿರಿಂಜ್ ಸಿಕ್ಕಿತು. ಅದರಲ್ಲಿ ಏನಿತ್ತೆಂದು ಪ್ರಯೋಗಾಲಯವೇ ಹೇಳಬೇಕು. ಓಂಕಾರ್ ಅದನ್ನು ಹುಳಕ್ಕೆ ಔಷಧಿ ಹಾಕುವ ಸಿರಿಂಜ್ ಎಂದ, ಮರೆತು ಜೇಬಿನಲ್ಲಿ ಉಳಿದಿದೆ ಎಂದ.

"ಯಾವ ಹುಳಕ್ಕೆ?" ಎಂದರು ನೇತ್ರಾವತಿ. "ಸತ್ತದ್ದಕ್ಕಾ, ಮಂಗಳವಾರ ತಂದು ಬಿಟ್ಟದ್ದಕ್ಕಾ?"

ಅವನು ಅರ್ಪಿತಾಳ ಕಡೆ ನೋಡಿದ. ಅವಳು ಎರಡು ಚಿತ್ರಗಳನ್ನು ಮುಂದೆ ಹಿಡಿದಳು. ಅವನಿಗೆ ವಿವರಿಸಬೇಕಾಗಿರಲಿಲ್ಲ. ಒಂದರಲ್ಲಿ ಒಂದೇ ಸಾಲು, ಇನ್ನೊಂದರಲ್ಲಿ ಚೆಲ್ಲಾಪಿಲ್ಲಿ.

"ನಾನು ಕೊಟ್ಟ ನಳಿಕೇನೂ ನೀವು ಪರೀಕ್ಷೆ ಮಾಡ್ತೀರಿ ಅಂದ್ಕೊಂಡಿರಲಿಲ್ಲ," ಎಂದ. "ಪ್ರತಿ ತಿಂಗಳೂ ತೆಗೆದಿಡ್ತಿದ್ರಿ ಅಷ್ಟೆ. ವರ್ಷದ ಕೊನೆಗೆ ಒಟ್ಟಿಗೆ ಮಾಡೋದಲ್ವಾ."

ಉಳಿದದ್ದು ಠಾಣೆಯಲ್ಲಿ ಹೊರಬಂತು. ಹೊಸ ತಳಿ ಜಿಗಿಹುಳ ತಡೆಯುತ್ತದೆಂದು ಮೂರು ಹಂಗಾಮು ವರದಿ ಕೊಟ್ಟವನು ಓಂಕಾರ್. ಪರೀಕ್ಷೆ ನಡೆದದ್ದು ಪಂಜರದಲ್ಲಿ ಬೆಳೆದು ಕಸುವು ಕಳೆದುಕೊಂಡ ಹುಳಗಳಿಂದ. ನ್ಯಾಮತಿ ಕಡೆಯ ಪ್ರಯೋಗದ ಗದ್ದೆಯೊಂದರಲ್ಲಿ ಅದೇ ತಳಿ ವೃತ್ತವೃತ್ತವಾಗಿ ಒಣಗಿದ್ದನ್ನು ಕೆಂಚೇಶ್ ನೋಡಿ ನೋಟ್‌ಬುಕ್ಕಿನಲ್ಲಿ ಬರೆದಿದ್ದ. ಬಂಗಾರಪ್ಪನವರಿಗೆ ಹೇಳುವ ಮುಂಚೆ ಓಂಕಾರನಿಗೆ ತಿಳಿಸುವುದು ಮರ್ಯಾದೆ ಎಂದುಕೊಂಡ. ಬಾ, ಒಳಗೆ ಬಂದು ನೀನೇ ನೋಡು ಎಂದು ಓಂಕಾರ್ ಸೋಮವಾರ ಸಂಜೆ ಹುಳದ ಮನೆಯ ಬಾಗಿಲು ತೆರೆದ. ಮಾತಿಗೆ ಮಾತು ಬೆಳೆಯಿತು. ತಳ್ಳಿದ. ಕೆಂಚೇಶ್ ಪಂಜರದ ಮೇಲೆ ಬಿದ್ದು ತಲೆ ಕಟ್ಟೆಗೆ ಬಡಿಯಿತು. ಪಂಜರ ಒಡೆದು ಹುಳ ಮೈಮೇಲೆಲ್ಲ ಹಾರಿ ಅಂಗಿಯೊಳಗೂ ನುಗ್ಗಿದವು. ಸತ್ತನೆಂದುಕೊಂಡು, ಅವನೇ ಕುಡಿದಂತೆ ಕಾಣಲಿ ಎಂದು ಉಗ್ರಾಣದ ಔಷಧಿ ತಂದು ಬಾಯಿಗೆ ಹುಯ್ದ. ಅದು ಬೆನ್ನಿನಡಿ ಹರಿಯಿತು. ಕತ್ತಲಾದ ಮೇಲೆ ಖಾಲಿ ಬಾಟಲಿಯ ಸಮೇತ ಕಾರಿನಲ್ಲಿ ಗದ್ದೆಗೆ ಸಾಗಿಸಿದ. ನೋಟ್‌ಬುಕ್ ಅವನ ಕಾರಿನ ಸೀಟಿನಡಿ ಸಿಕ್ಕಿತು. ಬಂಗಾರಪ್ಪ ಅದನ್ನು ಕೇಳಿದ್ದು ಬೇರೆ ಕಾರಣಕ್ಕೆ. ವಿಷಯ ಮಾತಾಡಬೇಕು, ನೋಟ್‌ಬುಕ್ ತರುತ್ತೇನೆ ಎಂದು ಕೆಂಚೇಶನೇ ಅವರಿಗೆ ಫೋನ್ ಮಾಡಿದ್ದ.

ಶನಿವಾರ ಪೊಲೀಸರು ಸಂತೇಬೆನ್ನೂರಿಗೆ ಹೋದರು. ಬೋರ್‌ವೆಲ್ ನೀರಲ್ಲಿ ಬೇಗ ನಾಟಿ ಮಾಡಿದ್ದ ದುರುಗಪ್ಪ ಎಂಬ ರೈತ ಫೋಟೋ ನೋಡಿ ಗುರುತಿಸಿದ. ಮಂಗಳವಾರ ಹತ್ತೂವರೆಗೆ ತನ್ನ ಗದ್ದೆಗಿಳಿದು ಹುಳ ಹಿಡಿದ ಆಫೀಸರ್ ಇವನೇ ಎಂದ. ಬಿಟ್ಟಿ ಹುಳ, ಇನ್ನಷ್ಟು ಒಯ್ಯಿರಿ ಎಂದು ತಾನೇ ತಮಾಷೆ ಮಾಡಿದ್ದೆ ಅಂದ. ನಿಂಗರಾಜ್ ಸುಳ್ಳು ಹೇಳಿದ್ದು ಸೋಮವಾರ ಸಂಜೆ ಇಸ್ಪೀಟು ಆಡಿದ್ದನ್ನು ಮುಚ್ಚಿಡಲು. ಬೈದು ಬಿಟ್ಟರು.

ಹುಳದ ಮನೆಗೆ ಪೊಲೀಸರು ಮೊಹರು ಹಾಕಿದ್ದರು. ಮುಂದಿನ ಮಂಗಳವಾರ ಬಂಗಾರಪ್ಪನವರ ಎದುರು ತೆರೆದಾಗ, ದುರುಗಪ್ಪನ ಗದ್ದೆಯ ಹುಳ ಬಿಟ್ಟ ಪಂಜರಗಳ ಸಸಿತಟ್ಟೆಗಳಲ್ಲಿ ಹೊಸ ತಳಿಯ ಸಸಿ ಒಂದೂ ಹಸಿರಾಗಿ ಉಳಿದಿರಲಿಲ್ಲ. ಬೇಸಿಗೆ ಬೆಳೆಗೆ ಹೊರಡಬೇಕಿದ್ದ ಬೀಜ ಗೋದಾಮಿನಲ್ಲೇ ಉಳಿಯಿತು.

ಕೆಂಚೇಶ್ 'ಅವ್ವ' ಎಂದದ್ದು ಅದರ ಹಿಂದಿನ ದಿನ, ಸೋಮವಾರ. ಹೇಳಿಕೆ ಪಡೆಯಲು ಬಂದ ನೇತ್ರಾವತಿ ಮೊದಲು ಹನುಮಂತಮ್ಮನ ಪಕ್ಕ ಕೂತರು. ಅಷ್ಟು ಹೊತ್ತು ಅವನ ಕೈ ಹಿಡಿದು ಕೂತಿದ್ದಿರಲ್ಲ, ಹೆದರಿಕೆ ಆಗಲಿಲ್ಲವೇ ಎಂದು ಕೇಳಿದರು.

"ಜೀವ ಹೋಗಂಗೆ ಆಗಿತ್ರಿ," ಎಂದಳು ಹನುಮಂತಮ್ಮ. "ಅದಕ್ಕೇ ಬಿಡಲಿಲ್ಲ. ಬಿಟ್ಟಿದ್ರೆ ಆ ಕೈ ಎಲ್ಲಿಗೆ ಹೋಗ್ತಿತ್ತು ಹೇಳ್ರಿ."